ಶಾಲೆಯಲ್ಲಿ ಕಿರುಕುಳ ಉಂಡವರು ಕೆಲಸದ ಜಾಗದಲ್ಲಿ ನೆಲೆ ಕಂಡುಕೊಳ್ಳುವ ಬಗೆ

ಕಚೇರಿಯ ಒಂದು ಕೋಣೆಯಲ್ಲಿ ನಾಲ್ಕೈದು ಜನ ಮಾತನಾಡುತ್ತಿದ್ದಾರೆ. ವಯಸ್ಸು ಮೂವತ್ತೈದು ದಾಟಿದ, ತಮ್ಮ ಕೆಲಸದಲ್ಲಿ ಚೆನ್ನಾಗಿ ಪಳಗಿದ ಒಬ್ಬರು ಬಾಗಿಲು ತಳ್ಳಿ ಒಳಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಅವರೆಲ್ಲ ಯಾವುದೋ ಮಾತಿಗೆ ನಗುತ್ತಾರೆ. ಆ ನಗುವಿಗೂ ಒಳಗೆ ಬಂದವರಿಗೂ ಯಾವ ಸಂಬಂಧವೂ ಇಲ್ಲ. ಆದರೂ ಬಂದವರ ಹೊಟ್ಟೆಯಲ್ಲಿ ಏನೋ ಕಲಸಿದಂತಾಗುತ್ತದೆ, ಕಿವಿ ಬಿಸಿಯಾಗುತ್ತದೆ, ಹೇಳಬೇಕೆಂದು ಸಿದ್ಧಪಡಿಸಿಕೊಂಡು ಬಂದ ವಾಕ್ಯ ಮರೆತೇಹೋಗುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಬೇರೊಂದು ಕೋಣೆಗೆ ಕಾಲಿಟ್ಟಾಗಲೆಲ್ಲ ಇಂಥದೇ ನಗು ಎದ್ದೇಳುತ್ತಿತ್ತು, ಮತ್ತು ಅದು ಪ್ರತಿ ಸಲವೂ ಅವರನ್ನು ಕುರಿತೇ ಆಗಿರುತ್ತಿತ್ತು.

ಇದನ್ನು ಅತಿಯಾದ ಸೂಕ್ಷ್ಮತೆ ಎಂದು ತಳ್ಳಿಹಾಕುವುದು ಸುಲಭ. ಹಗ್ಗವನ್ನು ಹಾವೆಂದು ಭ್ರಮಿಸುವ ಹಳೆಯ ದೃಷ್ಟಾಂತ ನಮಗೆಲ್ಲ ಗೊತ್ತು. ದೀಪ ತಂದರೆ ಭ್ರಮೆ ಹರಿಯುತ್ತದೆ ಎಂಬುದು ಅದರ ತಾತ್ಪರ್ಯ. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಶಾಲೆಯಲ್ಲಿ ಕಿರುಕುಳ ಉಂಡವರ ಪಾಲಿಗೆ ಹಿಂದೊಮ್ಮೆ ಅದೇ ಜಾಗದಲ್ಲಿ ನಿಜವಾದ ಹಾವೇ ಇತ್ತು, ಅದು ಕಚ್ಚಿಯೂ ಇತ್ತು. ಆದ್ದರಿಂದ ಅವರ ಹೆದರಿಕೆ ಬರಿಯ ತಪ್ಪುಗ್ರಹಿಕೆಯಲ್ಲ, ಒಂದು ಕಾಲದಲ್ಲಿ ಸರಿಯಾಗಿದ್ದು ಈಗ ಹಳತಾದ ತಿಳಿವಳಿಕೆ. ಈ ಎರಡರ ನಡುವಿನ ಅಂತರ ಸಣ್ಣದಾಗಿ ಕಂಡರೂ ಅದನ್ನು ಹಿಡಿದುಕೊಂಡರೆ ಮಾತ್ರ, ವಯಸ್ಕರ ದುಡಿಮೆಯ ಬದುಕಿನಲ್ಲಿ ಇಂಥವರಿಗೆ ಭರವಸೆ ಎಲ್ಲಿಂದ ಹುಟ್ಟೀತು, 'ನಾನೂ ಇವರಲ್ಲೊಬ್ಬ' ಎಂಬ ಭಾವ ಹೇಗೆ ಬೇರೂರೀತು ಎಂಬುದು ಅರ್ಥವಾಗುತ್ತದೆ.

ಜಗಳಕ್ಕೂ ಕಿರುಕುಳಕ್ಕೂ ಇರುವ ಅಂತರ

ಮಕ್ಕಳು ಜಗಳವಾಡುತ್ತಾರೆ, ಒಬ್ಬರನ್ನೊಬ್ಬರು ರೇಗಿಸುತ್ತಾರೆ, ಮರುದಿನ ಮತ್ತೆ ಒಟ್ಟಿಗೆ ಆಡುತ್ತಾರೆ. ಅದು ಈ ಲೇಖನದ ವಿಷಯವಲ್ಲ. 1970ರ ದಶಕದ ಆರಂಭದಲ್ಲಿ ಸ್ವೀಡನ್ನಿನಲ್ಲಿಯೂ ಆಮೇಲೆ ನಾರ್ವೆಯಲ್ಲಿಯೂ ಶಾಲಾಮಕ್ಕಳ ನಡುವಿನ ಹಿಂಸೆಯನ್ನು ಕ್ರಮವಾಗಿ ಅಧ್ಯಯನ ಮಾಡಿದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಕಿರುಕುಳವನ್ನು ಗುರುತಿಸಲು ಮೂರು ಲಕ್ಷಣಗಳನ್ನು ಹೇಳಿದರು: ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ನಡೆಯುವಿಕೆ, ಮತ್ತು ನೋಯಿಸುವವರಿಗೂ ನೋವುಣ್ಣುವವರಿಗೂ ನಡುವೆ ಬಲದ ಅಸಮತೋಲ. ಮೂವರು ಹುಡುಗರ ಸಾವಿನ ನಂತರ ನಾರ್ವೆ 1983ರಲ್ಲಿ ಇದರ ವಿರುದ್ಧ ರಾಷ್ಟ್ರಮಟ್ಟದ ಕಾರ್ಯಕ್ರಮವನ್ನೇ ಕೈಗೆತ್ತಿಕೊಂಡಿತು. ಇದು ಅಪರೂಪದ ಸಂಗತಿಯೂ ಅಲ್ಲ. ಯುನೆಸ್ಕೋ 2019ರಲ್ಲಿ ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಸಹಪಾಠಿಗಳಿಂದ ಕಿರುಕುಳಕ್ಕೆ ಒಳಗಾದ ವಿದ್ಯಾರ್ಥಿಗಳು ಮೂವರಲ್ಲಿ ಒಬ್ಬರಷ್ಟಿದ್ದರು.

ಈ ಮೂರು ಲಕ್ಷಣಗಳ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಬೇಕೆಂದು ನನಗೆ ಅನ್ನಿಸುತ್ತದೆ: ಅಲ್ಲಿಂದ ಎದ್ದು ಹೋಗಲು ದಾರಿಯಿಲ್ಲದಿರುವುದು. ಮಗು ತನ್ನ ತರಗತಿಯನ್ನು ಆರಿಸಿಕೊಂಡಿರುವುದಿಲ್ಲ, ಯಾರ ಪಕ್ಕ ಕೂರಬೇಕೆಂಬುದನ್ನೂ ಎಷ್ಟೋ ಸಲ ಅದು ನಿರ್ಧರಿಸುವುದಿಲ್ಲ, ನಾಳೆ ಬೆಳಿಗ್ಗೆ ಅದೇ ಮುಖಗಳ ನಡುವೆ ಹೋಗಿ ಕೂರುವುದನ್ನು ತಪ್ಪಿಸಲು ಅದಕ್ಕೆ ಇರುವ ಏಕೈಕ ಉಪಾಯ ಹೊಟ್ಟೆನೋವು. ಇಂಥ ಸ್ಥಿತಿಯಲ್ಲಿ ಮನಸ್ಸು ತನಗೆ ಉಳಿದಿರುವ ಒಂದೇ ಕೆಲಸವನ್ನು ಮಾಡುತ್ತದೆ. ಮುಂದೆ ಏನಾಗಬಹುದೆಂದು ಮೊದಲೇ ಊಹಿಸಲು ಕಲಿಯುತ್ತದೆ. ಯಾರು ಯಾರ ಕಡೆ ನೋಡಿದರು, ಯಾರ ದನಿ ಯಾವಾಗ ತಗ್ಗಿತು, ಯಾವ ಮೂಲೆಯಲ್ಲಿ ನಿಂತರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ಲೆಕ್ಕಾಚಾರದಲ್ಲಿ ಅದು ಪರಿಣತವಾಗುತ್ತದೆ. ಶಾಲೆ ಮುಗಿಯುತ್ತದೆ, ಲೆಕ್ಕಾಚಾರ ಮುಗಿಯುವುದಿಲ್ಲ.

ಪರಿಣಾಮ ಎಷ್ಟು ದೂರ ಬರುತ್ತದೆ

ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಡುವ ಅತ್ಯಂತ ದೀರ್ಘ ಅಧ್ಯಯನಗಳಲ್ಲಿ ಒಂದು ಬ್ರಿಟನ್ನಿನದು. ಅಲ್ಲಿ 1958ರ ಮಾರ್ಚಿನ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳನ್ನು ಜೀವನದುದ್ದಕ್ಕೂ ಹಿಂಬಾಲಿಸುತ್ತ ಬರಲಾಗಿದೆ. ಮಕ್ಕಳಿಗೆ 7 ಮತ್ತು 11 ವರ್ಷವಾಗಿದ್ದಾಗ ಅವರ ತಂದೆತಾಯಿಯರು ಕಿರುಕುಳದ ಬಗ್ಗೆ ಹೇಳಿದ್ದನ್ನು ದಾಖಲಿಸಿ, ಅದೇ ಜನರಿಗೆ 50 ವರ್ಷವಾದಾಗ ಅವರ ಸ್ಥಿತಿ ಹೇಗಿದೆಯೆಂದು ನೋಡಿದ ವರದಿ 2014ರಲ್ಲಿ ಪ್ರಕಟವಾಯಿತು. 7,700ಕ್ಕೂ ಹೆಚ್ಚು ಜನರ ಈ ಗುಂಪಿನಲ್ಲಿ ಶೇ. 28ರಷ್ಟು ಮಕ್ಕಳು ಕೆಲವೊಮ್ಮೆ, ಶೇ. 15ರಷ್ಟು ಮಕ್ಕಳು ಪದೇ ಪದೇ ಕಿರುಕುಳ ಉಂಡಿದ್ದರು. ಪದೇ ಪದೇ ಉಂಡವರಲ್ಲಿ ಖಿನ್ನತೆ ಮತ್ತು ಆತಂಕದ ಸಮಸ್ಯೆಗಳು ನಾಲ್ಕು ದಶಕಗಳ ನಂತರವೂ ಉಳಿದವರಿಗಿಂತ ಹೆಚ್ಚಾಗಿದ್ದವು. ಕಾಯಿಲೆ ಬಿದ್ದರೆ ನೋಡಿಕೊಳ್ಳುವವರು ಯಾರಾದರೂ ಇದ್ದಾರೆ ಎನ್ನುವವರ ಪ್ರಮಾಣ ಅವರಲ್ಲಿ ಕಡಿಮೆಯಿತ್ತು. ಗಂಡಸರಲ್ಲಿ ನಿರುದ್ಯೋಗ ಹೆಚ್ಚಾಗಿಯೂ ಸಂಪಾದನೆ ಕಡಿಮೆಯಾಗಿಯೂ ಕಂಡುಬಂದಿತು. ಮನೆಯ ಆರ್ಥಿಕ ಸ್ಥಿತಿ, ಮಗುವಿನ ಬುದ್ಧಿಮತ್ತೆ, ಮೊದಲೇ ಇದ್ದ ಭಾವನಾತ್ಮಕ ತೊಂದರೆಗಳು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. ಅಮೆರಿಕದಲ್ಲಿ 1,420 ಮಕ್ಕಳನ್ನು ಹಿಂಬಾಲಿಸಿದ, 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಇದೇ ದಿಕ್ಕನ್ನು ತೋರಿಸಿತು. ತಾವೂ ಉಂಡು ಇತರರಿಗೂ ಉಣಿಸಿದ ಮಕ್ಕಳ ಸ್ಥಿತಿ ಎಲ್ಲರಿಗಿಂತ ಕಷ್ಟದ್ದಾಗಿತ್ತು.

ಈ ಅಂಕಿಗಳನ್ನು ಓದುವಾಗ ಎರಡು ಎಚ್ಚರಿಕೆಗಳು ಬೇಕು. 'ಇಂಥದೆಲ್ಲ ಮಕ್ಕಳನ್ನು ಗಟ್ಟಿ ಮಾಡುತ್ತದೆ' ಎಂದು ಹಿರಿಯರು ಹೇಳುವ ಸಮಾಧಾನದ ಮಾತಿಗೆ ಇವುಗಳಲ್ಲಿ ಯಾವ ಆಧಾರವೂ ಇಲ್ಲ ಎಂಬುದು ಒಂದು. ಇವು ಗುಂಪಿನ ಸರಾಸರಿಗಳೇ ಹೊರತು ಯಾವೊಬ್ಬ ವ್ಯಕ್ತಿಯ ಹಣೆಬರಹವಲ್ಲ ಎಂಬುದು ಇನ್ನೊಂದು. ಅಪಾಯ ಹೆಚ್ಚು ಎಂದರೆ ಎಲ್ಲರೂ ಅದಕ್ಕೆ ತುತ್ತಾಗುತ್ತಾರೆ ಎಂದಲ್ಲ. ಅದೇ ಗುಂಪಿನಲ್ಲಿ 50ರ ಹೊತ್ತಿಗೆ ನೆಮ್ಮದಿಯಾಗಿ ಬದುಕುತ್ತಿದ್ದವರೂ ಅನೇಕರು ಇದ್ದರು.

ನೋವು ಊಹೆಯಾಗಿ ಮಾರ್ಪಡುವ ಬಗೆ

ಹೊಡೆತದ ಗುರುತು ಮೈಮೇಲೆ ಕಾಣುತ್ತದೆ. ಮಾತನಾಡಿಸದೆ ಹೊರಗಿಟ್ಟದ್ದರ ಗುರುತು ಎಲ್ಲಿಯೂ ಕಾಣುವುದಿಲ್ಲ, ಆದ್ದರಿಂದ ದೂರು ಕೊಡುವುದೂ ಕಷ್ಟ. ಆದರೆ ಮನುಷ್ಯರು ಇದಕ್ಕೆ ಎಷ್ಟು ಬೇಗ ನೋಯುತ್ತಾರೆ ಎಂಬುದನ್ನು ಒಂದು ಸರಳ ಪ್ರಯೋಗ ತೋರಿಸಿಕೊಟ್ಟಿದೆ. ಮನೋವಿಜ್ಞಾನಿ ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಸಂಗಡಿಗರು ರೂಪಿಸಿದ ಕಂಪ್ಯೂಟರ್ ಆಟವೊಂದರಲ್ಲಿ ಮೂವರು ಪರಸ್ಪರ ಚೆಂಡು ಎಸೆದುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿನ ನಂತರ ಇಬ್ಬರು ಮೂರನೆಯವರಿಗೆ ಚೆಂಡು ಕೊಡುವುದನ್ನು ನಿಲ್ಲಿಸುತ್ತಾರೆ. ಅಷ್ಟೆ, ಬೈಗುಳವಿಲ್ಲ, ಗೇಲಿಯಿಲ್ಲ, ಎದುರಿಗಿರುವವರ ಮುಖವೂ ಕಾಣುವುದಿಲ್ಲ. ಆದರೂ ಕೆಲವೇ ನಿಮಿಷಗಳಲ್ಲಿ ಹೊರಗುಳಿದವರ ಮನಸ್ಸು ಕುಗ್ಗುತ್ತದೆ. ಚೆಂಡು ಎಸೆಯುತ್ತಿರುವುದು ಮನುಷ್ಯರಲ್ಲ, ಕಂಪ್ಯೂಟರ್ ಎಂದು ಮೊದಲೇ ತಿಳಿಸಿದಾಗಲೂ ಕುಗ್ಗುತ್ತದೆ. 2003ರಲ್ಲಿ ಇದೇ ಆಟವನ್ನು ಮಿದುಳಿನ ಸ್ಕ್ಯಾನ್ ಮಾಡುತ್ತ ಆಡಿಸಿದಾಗ, ದೈಹಿಕ ನೋವಿನ ಸಂಕಟಕ್ಕೂ ಸಂಬಂಧಪಟ್ಟಿರುವ ಒಂದು ಭಾಗ ಚುರುಕಾದುದು ಕಂಡಿತು. ಆ ಭಾಗ ಬೇರೆ ಹಲವು ಕೆಲಸಗಳಲ್ಲೂ ತೊಡಗುವುದರಿಂದ ಎರಡು ನೋವುಗಳೂ ಒಂದೇ ಎಂದು ಹೇಳಿಬಿಡುವುದು ದುಡುಕಾದೀತು. ಆದರೆ ಹೊರಗಿಡುವಿಕೆಯನ್ನು ಮನಸ್ಸು ಅಪಾಯದ ಗಂಟೆಯೆಂದೇ ಕೇಳಿಸಿಕೊಳ್ಳುತ್ತದೆ ಎನ್ನಲು ಅಡ್ಡಿಯಿಲ್ಲ. ಕೆಲವು ನಿಮಿಷಗಳ ಆಟಕ್ಕೇ ಹೀಗಾದರೆ, ಆರೇಳು ವರ್ಷ ದಿನವೂ ಚೆಂಡು ಸಿಗದೆ ನಿಂತ ಮಗುವಿನ ಒಳಗೆ ಆ ಗಂಟೆ ಎಷ್ಟು ಸಲ ಬಾರಿಸಿರಬೇಕು.

ಮುಂದಿನ ಹಂತ ಇನ್ನೂ ಗಂಭೀರವಾದದ್ದು. ನೋವುಂಡ ಮಗು 'ಇದು ನನಗೇ ಯಾಕೆ' ಎಂದು ಕೇಳಿಕೊಳ್ಳದೆ ಇರಲಾರದು, ಮತ್ತು ಆ ಪ್ರಶ್ನೆಗೆ ಎರಡು ಬಗೆಯ ಉತ್ತರಗಳಿವೆ. 'ಆ ಹೊತ್ತಿನಲ್ಲಿ ನಾನು ಅಲ್ಲಿ ಹೋಗಬಾರದಿತ್ತು' ಎನ್ನುವುದು ಒಂದು. ಅದು ನಡತೆಯ ಬಗ್ಗೆ ಹೇಳುವ ಮಾತಾದ್ದರಿಂದ ಬದಲಾಯಿಸಲು ಬರುತ್ತದೆ. 'ನಾನು ಇಂಥವನು, ಅದಕ್ಕೇ ಹೀಗೆ' ಎನ್ನುವುದು ಇನ್ನೊಂದು. ಅದು ತನ್ನ ಇರುವಿಕೆಯನ್ನೇ ತಪ್ಪೆಂದು ಒಪ್ಪಿಕೊಳ್ಳುವುದರಿಂದ ಅದಕ್ಕೆ ಪರಿಹಾರವೇ ಇಲ್ಲ. ಸಾಂಡ್ರಾ ಗ್ರಹಾಂ ಮತ್ತು ಯಾನಾ ಯುವೊನೆನ್ 1998ರಲ್ಲಿ ಶಾಲಾಮಕ್ಕಳಲ್ಲಿ ಈ ಎರಡು ಬಗೆಗಳನ್ನು ಬೇರೆ ಬೇರೆಯಾಗಿ ಅಳೆದಾಗ, ಒಂಟಿತನ ಮತ್ತು ಆತಂಕ ಹೆಚ್ಚಾಗಿ ತಳುಕು ಹಾಕಿಕೊಂಡದ್ದು ಎರಡನೆಯದರ ಜೊತೆಗೆ. ದೊಡ್ಡವರಾದ ಮೇಲೆ ಕೆಲಸದ ಜಾಗಕ್ಕೆ ಹೊತ್ತು ತರುವುದು ಮುಖ್ಯವಾಗಿ ಈ ಎರಡನೆಯ ಉತ್ತರವನ್ನೇ. ಯಾವ ಅಡ್ಡಹೆಸರನ್ನು ಯಾರು ಕರೆದರು ಎಂಬುದು ಮಸುಕಾಗಿರುತ್ತದೆ, ತನ್ನ ಬಗ್ಗೆ ಅಂದು ಕೊಟ್ಟುಕೊಂಡ ತೀರ್ಪು ಮಾತ್ರ ಹಾಗೇ ಉಳಿದಿರುತ್ತದೆ.

ಅದು ಕೆಲಸದಲ್ಲಿ ಕಾಣಿಸಿಕೊಳ್ಳುವ ರೂಪಗಳು ಎಷ್ಟೋ ಸಲ ಸದ್ಗುಣಗಳ ವೇಷದಲ್ಲಿರುತ್ತವೆ. ಯಾರು ಏನು ಕೇಳಿದರೂ ಇಲ್ಲ ಎನ್ನದ ಸಹೋದ್ಯೋಗಿ, ಒಂದು ಇಮೇಲನ್ನು ಕಳಿಸುವ ಮೊದಲು ಹತ್ತು ಸಲ ತಿದ್ದುವವರು, ಸಭೆಯಲ್ಲಿ ಒಳ್ಳೆಯ ಉಪಾಯ ಹೊಳೆದರೂ ಬೇರೊಬ್ಬರು ಅದನ್ನೇ ಹೇಳುವವರೆಗೆ ಸುಮ್ಮನಿರುವವರು, ಬಡ್ತಿಯ ಅರ್ಜಿಯನ್ನು ಕೊನೆಯ ದಿನದವರೆಗೆ ಇಟ್ಟುಕೊಂಡು ಆಮೇಲೆ ಹರಿದು ಹಾಕುವವರು. ಮೇಲಧಿಕಾರಿಯಿಂದ 'ಬಿಡುವಾದಾಗ ಸ್ವಲ್ಪ ಬಂದು ಹೋಗಿ' ಎಂಬ ಸಂದೇಶ ಬಂದರೆ ಇವರಿಗೆ ಅಂದಿನ ಊಟ ಸೇರುವುದಿಲ್ಲ. ಇನ್ನು ಕೆಲವರಲ್ಲಿ ಇದು ತಿರುಗುಮುರುಗಾಗಿ, ಯಾರಾದರೂ ಚುಚ್ಚುವ ಮೊದಲೇ ತಾವೇ ಚುಚ್ಚುವ ಒರಟುತನವಾಗಿ ಬೆಳೆದಿರುತ್ತದೆ. ತಿರಸ್ಕಾರವನ್ನು ಮೊದಲೇ ನಿರೀಕ್ಷಿಸುವ, ಸಣ್ಣ ಸುಳಿವಿನಲ್ಲಿಯೂ ಅದನ್ನೇ ಕಾಣುವ, ಕಂಡಾಗ ತೀವ್ರವಾಗಿ ಪ್ರತಿಕ್ರಿಯಿಸುವ ಈ ಪ್ರವೃತ್ತಿಯನ್ನು 1990ರ ದಶಕದಿಂದ ಮನೋವಿಜ್ಞಾನಿಗಳು ತಿರಸ್ಕಾರ-ಸಂವೇದನೆ ಎಂಬ ಅರ್ಥದ ಹೆಸರಿನಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ.

ಈ ಊಹೆಗಳ ದೊಡ್ಡ ತೊಡಕೆಂದರೆ ಅವು ತಮ್ಮ ಸಾಕ್ಷಿಯನ್ನು ತಾವೇ ಹುಟ್ಟಿಸಿಕೊಳ್ಳುತ್ತವೆ. ಹೊಸ ಕೆಲಸಕ್ಕೆ ಸೇರಿದ ಒಬ್ಬರು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಟಾಗ, ತಾನು ಹೋದರೆ ಅವರಿಗೆ ಮುಜುಗರವಾಗಬಹುದೆಂದು ಎಣಿಸಿ, ಕೆಲಸವಿದೆಯೆಂದು ಹೇಳಿ ಮೇಜಿನಲ್ಲಿಯೇ ಉಳಿಯುತ್ತಾರೆ. ಎರಡು ವಾರ ಹೀಗಾದ ಮೇಲೆ ಉಳಿದವರು, ಇವರಿಗೆ ಒಬ್ಬರೇ ಇರುವುದು ಇಷ್ಟವೆಂದು ತಿಳಿದು, ಗೌರವದಿಂದಲೇ, ಕರೆಯುವುದನ್ನು ಬಿಡುತ್ತಾರೆ. ಮೂರನೆಯ ವಾರ ಇವರು ತಮಗೆ ತಾವೇ ಹೇಳಿಕೊಳ್ಳುತ್ತಾರೆ: ನೋಡಿದೆಯಾ, ಇಲ್ಲಿಯೂ ನನ್ನನ್ನು ಕರೆಯುವುದಿಲ್ಲ. ಯಾರೂ ಯಾರಿಗೂ ಕೇಡು ಬಗೆಯದೆ ಹಳೆಯ ತರಗತಿ ಮತ್ತೆ ಕಟ್ಟಿಕೊಂಡಿತು.

ಕೆಲಸದ ಜಾಗ ತರಗತಿಯಲ್ಲ

ಭರವಸೆಗೆ ಮೊದಲ ಕಾರಣ ಯಾರ ಮನೋಬಲವೂ ಅಲ್ಲ, ಎರಡು ಜಾಗಗಳ ರಚನೆಯಲ್ಲಿರುವ ವ್ಯತ್ಯಾಸ. ಶಾಲೆಯ ಗುಂಪಿನಲ್ಲಿ ಒಂದೇ ವಯಸ್ಸಿನವರು ಸೇರಿರುತ್ತಾರೆ, ಆದ್ದರಿಂದ ಹೋಲಿಕೆ ನಿಲ್ಲುವುದೇ ಇಲ್ಲ. ಕೆಲಸದಲ್ಲಿ ಇಪ್ಪತ್ತರವರೂ ಐವತ್ತೈದರವರೂ ಪಕ್ಕಪಕ್ಕದಲ್ಲಿರುತ್ತಾರೆ. ಶಾಲೆಯಲ್ಲಿ ಮಕ್ಕಳು ಒಬ್ಬರಿಗೊಬ್ಬರು ಬೇಕಾಗುವುದು ಮೆಚ್ಚುಗೆಗಾಗಿ. ಕೆಲಸದಲ್ಲಿ ಒಬ್ಬರ ಕೆಲಸ ಮುಗಿಯದೆ ಇನ್ನೊಬ್ಬರ ಕೆಲಸ ಶುರುವಾಗುವುದಿಲ್ಲ. ಸ್ಥಾನ ಸಿಗುವುದು ಆಟದಲ್ಲಿ ಯಾರು ಮೊದಲು ಆರಿಸಿದರು ಎಂಬುದರಿಂದಲ್ಲ, ನಿಮ್ಮ ಕೈಯಲ್ಲಿ ಯಾವ ಹೊಣೆಯಿದೆ ಎಂಬುದರಿಂದ. ಜೊತೆಗೆ, ಆರ್ಥಿಕ ಅನಿವಾರ್ಯತೆಗಳು ಎಷ್ಟೇ ಇದ್ದರೂ, ವಯಸ್ಕರಿಗೆ ಬಿಟ್ಟು ಹೋಗುವ, ವಿಭಾಗ ಬದಲಿಸುವ, ದೂರು ಕೊಡುವ ದಾರಿಗಳು ಮಗುವಿಗಿಂತ ಹೆಚ್ಚು ಇರುತ್ತವೆ.

ದುಡಿಮೆ ಸಂಬಳದಾಚೆಗೆ ಏನು ಕೊಡುತ್ತದೆ ಎಂಬುದನ್ನು ಸಮಾಜವಿಜ್ಞಾನಿ ಮರೀ ಯಹೋಡಾ ತಮ್ಮ ಬದುಕಿನುದ್ದಕ್ಕೂ ಕೇಳಿಕೊಂಡರು. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯದ ಮಾರಿಯೆನ್‌ತಾಲ್ ಎಂಬ ಹಳ್ಳಿಯಲ್ಲಿ ಇದ್ದ ಒಂದೇ ಕಾರ್ಖಾನೆ ಮುಚ್ಚಿದಾಗ ಅಲ್ಲಿನ ಜನರ ಬದುಕನ್ನು ಅವರ ತಂಡ ಹತ್ತಿರದಿಂದ ನೋಡಿತು. ಕೈತುಂಬ ಸಮಯವಿದ್ದರೂ ಜನ ಮೊದಲಿಗಿಂತ ಕಡಿಮೆ ಓದಿದರು, ಕಡಿಮೆ ಸೇರಿದರು, ನಿಧಾನವಾಗಿ ನಡೆದರು. ಆ ಅನುಭವದಿಂದ ಯಹೋಡಾ ಮುಂದೆ ಹೇಳಿದ್ದೇನೆಂದರೆ, ಉದ್ಯೋಗವು ದಿನಕ್ಕೊಂದು ಚೌಕಟ್ಟು, ಮನೆಯ ಹೊರಗಿನವರ ಒಡನಾಟ, ಎಲ್ಲರೂ ಸೇರಿ ಸಾಧಿಸುವ ಗುರಿ, ಸಮಾಜದಲ್ಲಿ ಒಂದು ಸ್ಥಾನ, ಮತ್ತು ತೊಡಗಿರುವ ಅಭ್ಯಾಸ ಎಂಬ ಐದನ್ನು ಸದ್ದಿಲ್ಲದೆ ಒದಗಿಸುತ್ತದೆ. ಈ ಐದೂ, ಗಮನಿಸಿ ನೋಡಿದರೆ, ಕಿರುಕುಳ ಉಂಡ ಮಗುವಿನಿಂದ ಶಾಲೆಯು ಕಿತ್ತುಕೊಂಡವುಗಳಿಗೆ ಬಹಳ ಹತ್ತಿರದಲ್ಲಿವೆ. ಎಷ್ಟೋ ಜನ ತಮ್ಮ ಮೊದಲ ನೌಕರಿಯನ್ನು ನೆನೆಯುವಾಗ ಅದರ ಸಂಬಳಕ್ಕಿಂತ ಮೊದಲು, 'ಅಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು' ಎನ್ನುವುದು ಇದಕ್ಕೇ ಇರಬೇಕು.

ಹಾಗೆಂದು ಎಲ್ಲ ಕೆಲಸದ ಜಾಗಗಳೂ ಸುರಕ್ಷಿತವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಸ್ವೀಡನ್ನಿನಲ್ಲಿ ಹೈಂಝ್ ಲೇಮನ್ 1980ರ ದಶಕದಲ್ಲಿಯೇ, ವಯಸ್ಕರು ಗುಂಪುಗೂಡಿ ಒಬ್ಬ ಸಹೋದ್ಯೋಗಿಯನ್ನು ಹಿಂಸಿಸುವುದನ್ನು ದಾಖಲಿಸಿದರು. ವಾರಕ್ಕೊಮ್ಮೆಯಾದರೂ, ಆರು ತಿಂಗಳಾದರೂ ನಡೆಯುವುದನ್ನು ಅವರು ಅಳತೆಗೋಲಾಗಿ ಇಟ್ಟುಕೊಂಡಿದ್ದರು. 1993ರಲ್ಲಿ ಆ ದೇಶ ಇದರ ವಿರುದ್ಧ ನಿಯಮವನ್ನು ಹೊರಡಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ, 2021ರ ಜೂನ್ 25ರಂದು ಜಾರಿಗೆ ಬಂದ 190ನೆಯ ಒಡಂಬಡಿಕೆ ಇನ್ನೂ ಮುಂದೆ ಹೋಗಿ, ಒಮ್ಮೆ ಮಾತ್ರ ನಡೆದ ಘಟನೆಯೂ ಕೆಲಸದ ಜಾಗದ ಹಿಂಸೆ ಅಥವಾ ಕಿರುಕುಳ ಆಗಬಹುದೆಂದು ಒಪ್ಪಿತು.

ಹಾಗಾದರೆ ಹಳೆಯ ಗಂಟೆ ಸುಮ್ಮನೆ ಬಾರಿಸುತ್ತಿದೆಯೋ, ನಿಜವಾಗಿಯೂ ಬೆಂಕಿ ಬಿದ್ದಿದೆಯೋ ತಿಳಿಯುವುದು ಹೇಗೆ? ಭಾವನೆಯ ತೀವ್ರತೆಯಿಂದ ತಿಳಿಯುವುದಿಲ್ಲ, ಏಕೆಂದರೆ ಎರಡು ಸಂದರ್ಭಗಳಲ್ಲೂ ಅದು ಒಂದೇ ತೀವ್ರತೆಯಲ್ಲಿ ಬರುತ್ತದೆ. ನಡೆದದ್ದನ್ನು ತಾರೀಕಿನೊಡನೆ ಬರೆದಿಡುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಯಾರು, ಯಾವಾಗ, ಯಾರ ಎದುರಿಗೆ, ಸರಿಯಾಗಿ ಯಾವ ಮಾತನ್ನು ಹೇಳಿದರು. 'ಎಲ್ಲರೂ ನನ್ನನ್ನು ಕಡೆಗಣಿಸುತ್ತಾರೆ' ಎಂಬ ಭಾವ ಬರೆಯಲು ಕೂತಾಗ ಕೆಲವೊಮ್ಮೆ 'ಸೋಮವಾರ ಒಬ್ಬರು ನಮಸ್ಕಾರಕ್ಕೆ ಪ್ರತಿಯಾಗಿ ಏನೂ ಹೇಳಲಿಲ್ಲ, ಅವರ ಕಿವಿಯಲ್ಲಿ ಇಯರ್‌ಫೋನ್ ಇತ್ತು' ಎಂಬಲ್ಲಿಗೆ ಇಳಿಯುತ್ತದೆ. ಕೆಲವೊಮ್ಮೆ ಇಳಿಯುವುದಿಲ್ಲ, ಒಂದೇ ಹೆಸರು, ಒಂದೇ ಬಗೆಯ ಅವಮಾನ, ವಾರದಿಂದ ವಾರಕ್ಕೆ ಪುಟ ತುಂಬುತ್ತ ಹೋಗುತ್ತದೆ. ಆಗ ಅದು ನೆನಪಿನ ಸಮಸ್ಯೆಯಲ್ಲ, ಸಂಸ್ಥೆಯ ಸಮಸ್ಯೆ. ಆ ಟಿಪ್ಪಣಿಯೇ ದೂರಿಗೆ ಆಧಾರವಾಗುತ್ತದೆ. ಹಿಂದೆ ನೋವುಂಡವರಿಗೆ 'ನಿನ್ನದೇ ಅತಿಸೂಕ್ಷ್ಮತೆ' ಎಂದು ಹೇಳಿ ನಿಜವಾದ ಕಿರುಕುಳವನ್ನು ಮುಚ್ಚಿಹಾಕುವುದು ಕೆಟ್ಟ ಆಡಳಿತಗಳು ಸಲೀಸಾಗಿ ಬಳಸುವ ಉಪಾಯವೆಂಬುದನ್ನೂ ಇಲ್ಲಿ ಹೇಳಲೇಬೇಕು.

ಎಲ್ಲರೂ ಬೇಡ, ಕೆಲವರು ಸಾಕು

ಮನುಷ್ಯರಿಗೆ ಸಂಬಂಧ ಬೇಕೆಂಬುದು ಹಸಿವಿನಷ್ಟೇ ಮೂಲಭೂತವಾದ ಅಗತ್ಯವೆಂದು ರಾಯ್ ಬೌಮೈಸ್ಟರ್ ಮತ್ತು ಮಾರ್ಕ್ ಲಿಯರಿ 1995ರಲ್ಲಿ ವಾದಿಸಿದರು. ಅವರ ವಾದದ ಒಂದು ಭಾಗ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದದ್ದು. ಆ ಹಸಿವು ತಣಿಯಲು ಜನಪ್ರಿಯತೆ ಬೇಕಿಲ್ಲ; ಕೆಲವೇ ಜನರ ಜೊತೆ ಆಗಾಗ ಆಗುವ, ಕಹಿಯಿಲ್ಲದ, ಮುಂದುವರಿಯುತ್ತದೆಂಬ ನಂಬಿಕೆಯುಳ್ಳ ಒಡನಾಟ ಸಾಕು, ಅಷ್ಟು ಸಿಕ್ಕ ಮೇಲೆ ಇನ್ನೂ ಹೆಚ್ಚು ಜನ ಸೇರಿದರೆ ಆಗುವ ಲಾಭ ಕಡಿಮೆಯಾಗುತ್ತ ಹೋಗುತ್ತದೆ. ಶಾಲೆಯಲ್ಲಿ ಹೊರಗುಳಿದವರು ಬಹುಪಾಲು ಇದಕ್ಕೆ ವಿರುದ್ಧವಾದುದನ್ನು ನಂಬಿಕೊಂಡು ದೊಡ್ಡವರಾಗಿರುತ್ತಾರೆ. ಇಡೀ ಕೋಣೆ ಒಪ್ಪಿದರೆ ಮಾತ್ರ ತಾನು ಒಳಗಿನವನು ಎಂಬ ಅಳತೆಗೋಲು ಅವರದು, ಯಾಕೆಂದರೆ ಅವರನ್ನು ಹೊರಹಾಕಿದ್ದು ಇಡೀ ಕೋಣೆ. ಆದರೆ ಶಾಲೆಯ ವಯಸ್ಸಿನಲ್ಲಿಯೂ ಒಬ್ಬ ಆಪ್ತ ಸ್ನೇಹಿತ ಇದ್ದ ಮಕ್ಕಳಲ್ಲಿ ಕಿರುಕುಳದ ಕೆಟ್ಟ ಪರಿಣಾಮಗಳು ಬೆಳೆಯುವುದು ತಗ್ಗುತ್ತದೆಂದು ಸಂಶೋಧನೆಗಳು ತೋರಿಸಿವೆ. ಒಬ್ಬರೇ ಒಬ್ಬರು.

ಅಂಥ ಒಬ್ಬರು ಕೆಲಸದ ಜಾಗದಲ್ಲಿ ಸಿಗಲು ಎಷ್ಟು ಕಾಲ ಬೇಕಾಗುತ್ತದೆ? ಸಂವಹನ ತಜ್ಞ ಜೆಫ್ರಿ ಹಾಲ್ 2018ರಲ್ಲಿ ಇದನ್ನು ಗಂಟೆಗಳಲ್ಲಿಯೇ ಲೆಕ್ಕ ಹಾಕಲು ಯತ್ನಿಸಿದರು. ಪರಿಚಯ ಸಾಮಾನ್ಯ ಗೆಳೆತನವಾಗಲು ಸುಮಾರು 50 ಗಂಟೆಗಳು, ಸ್ನೇಹವಾಗಲು ಸುಮಾರು 90, ಆಪ್ತತೆ ಬೆಳೆಯಲು 200ಕ್ಕೂ ಹೆಚ್ಚು ಎಂಬುದು ಅವರ ಅಂದಾಜು. ಸುಮ್ಮನೆ ಪಕ್ಕದಲ್ಲಿ ದುಡಿದ ಗಂಟೆಗಳಿಗಿಂತ ಮಾತು, ಊಟ, ಬಿಡುವಿನ ಹೊತ್ತಿನಲ್ಲಿ ಕಳೆದ ಗಂಟೆಗಳಿಗೆ ತೂಕ ಹೆಚ್ಚು. ಈ ಸಂಖ್ಯೆಗಳನ್ನು ಪಂಚಾಂಗದಂತೆ ಹಿಡಿಯಬೇಕಾಗಿಲ್ಲ, ಆದರೆ ಅವುಗಳಲ್ಲಿ ಒಂದು ಸಮಾಧಾನವಿದೆ. ಮೂರು ತಿಂಗಳಾದರೂ ಯಾರೂ ಆಪ್ತರಾಗಲಿಲ್ಲ ಎಂದು ಕೊರಗುವವರು ಲೆಕ್ಕ ಹಾಕಿ ನೋಡಿದರೆ, ಅವರು ಯಾರೊಬ್ಬರ ಜೊತೆಗೂ ಹತ್ತು ಗಂಟೆ ನೆಮ್ಮದಿಯಾಗಿ ಮಾತನಾಡಿರುವುದಿಲ್ಲ. ಕೊರತೆ ಗುಣದ್ದಲ್ಲ, ಹೊತ್ತಿನದು.

ಇನ್ನೊಂದು ಸಂಗತಿ ಇನ್ನೂ ಕುತೂಹಲದ್ದು. 2018ರಲ್ಲಿ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು, ಪರಸ್ಪರ ಪರಿಚಯವಿಲ್ಲದವರನ್ನು ಮಾತಿಗೆ ಕೂರಿಸಿ, ಆಮೇಲೆ ಇಬ್ಬರನ್ನೂ ಪ್ರತ್ಯೇಕವಾಗಿ ಕೇಳಿದರು: ನಿಮಗೆ ಅವರು ಎಷ್ಟು ಇಷ್ಟವಾದರು, ಅವರಿಗೆ ನೀವು ಎಷ್ಟು ಇಷ್ಟವಾಗಿರಬಹುದು? ತಾವು ಎಷ್ಟು ಇಷ್ಟವಾಗಿದ್ದೇವೆಂದು ಜನ ಊಹಿಸಿದ್ದು ನಿಜಕ್ಕಿಂತ ಕಡಿಮೆಯಿತ್ತು. ಒಂದೇ ವಸತಿಯಲ್ಲಿ ಇರುವ ವಿದ್ಯಾರ್ಥಿಗಳಲ್ಲಿ ಈ ಅಂತರ ತಿಂಗಳುಗಟ್ಟಲೆ ಉಳಿದಿತ್ತು. ಮುಂದಿನ ಅಧ್ಯಯನಗಳಲ್ಲಿ ಕೆಲಸದ ತಂಡಗಳಲ್ಲಿಯೂ ಕಂಡುಬಂದಿತು. ಇಲ್ಲಿ ಪಾಲುಗೊಂಡವರು ಸಾಮಾನ್ಯ ಜನ, ಕಿರುಕುಳದ ಹಿನ್ನೆಲೆಯವರೆಂದು ಆರಿಸಿದವರಲ್ಲ. ಎಂದಮೇಲೆ, ಮಾತು ಮುಗಿಸಿ ಹೊರಬರುವಾಗ 'ನಾನು ಏನೇನೋ ಹೇಳಿಬಿಟ್ಟೆ' ಎಂದು ಹಳಹಳಿಸುವುದು ನೋವುಂಡವರೊಬ್ಬರದೇ ಖಾಸಗಿ ಕಾಯಿಲೆಯಲ್ಲ. ಎದುರಿಗಿದ್ದವರೂ ಬಹುಶಃ ಅದೇ ಹಳಹಳಿಕೆಯಲ್ಲಿ ಮನೆಗೆ ಹೋಗಿರುತ್ತಾರೆ.

ಈ ತಿಳಿವಳಿಕೆಯೇ ಪರಿಣಾಮ ಬೀರಬಲ್ಲದು ಎಂಬುದಕ್ಕೆ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕ್ಷಿ. ಕಾಲೇಜಿಗೆ ಹೊಸದಾಗಿ ಸೇರಿದವರಿಗೆ ಸುಮಾರು ಒಂದು ಗಂಟೆಯ ಅವಧಿಯಲ್ಲಿ, 'ಇಲ್ಲಿ ನನಗೆ ಜಾಗವಿಲ್ಲ' ಎಂಬ ಅನುಮಾನ ಮೊದಮೊದಲು ಎಲ್ಲರಿಗೂ ಬರುತ್ತದೆ, ಕಾಲ ಕಳೆದಂತೆ ತಗ್ಗುತ್ತದೆ ಎಂಬುದನ್ನು ಹಿರಿಯ ವಿದ್ಯಾರ್ಥಿಗಳ ಅನುಭವದ ಮೂಲಕ ತಿಳಿಸಿ, ಅದನ್ನೇ ಅವರ ಸ್ವಂತ ಮಾತಿನಲ್ಲಿ ಬರೆಸಲಾಯಿತು. ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷ ಮೇಲೇರಿದವು. ಆದರೆ 22 ಶಿಕ್ಷಣ ಸಂಸ್ಥೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಅದಕ್ಕೊಂದು ಷರತ್ತನ್ನು ಸೇರಿಸಿತು: ಸೇರಿಕೊಳ್ಳಲು ನಿಜವಾದ ಅವಕಾಶವಿರುವ ಜಾಗದಲ್ಲಿ ಮಾತ್ರ ಇದು ಫಲ ಕೊಡುತ್ತದೆ. ಬೀಜ ಒಳ್ಳೆಯದಿದ್ದರೆ ಸಾಲದು, ನೆಲವೂ ಇರಬೇಕು. ಎಲ್ಲವನ್ನೂ ವ್ಯಕ್ತಿಯ ಮನಸ್ಸಿನ ಮೇಲೆ ಹೊರಿಸುವ ಸಲಹೆಗಳ ಬಗ್ಗೆ ನನಗಿರುವ ತಕರಾರಿಗೆ ಈ ಷರತ್ತೇ ಆಧಾರ.

ಆ ನೆಲವನ್ನು ಹದಮಾಡುವ ಹೊಣೆ ತಂಡವನ್ನು ನಡೆಸುವವರದು. ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲಿ ತಪ್ಪುಗಳು ಹೆಚ್ಚು ವರದಿಯಾಗಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ, ಒಪ್ಪಿಕೊಳ್ಳಲು ಹೆದರುತ್ತಿರಲಿಲ್ಲ. ತಪ್ಪು ಹೇಳಿದರೆ ಅವಮಾನವಾಗುವುದಿಲ್ಲ ಎಂಬ ನಂಬಿಕೆ ಎಲ್ಲರಿಗೂ ಒಳ್ಳೆಯದೇ, ಆದರೆ ಶಾಲೆಯಲ್ಲಿ ಒಂದು ತಪ್ಪು ಉಚ್ಚಾರಣೆಗೆ ವರ್ಷಗಟ್ಟಲೆ ಅಡ್ಡಹೆಸರು ಹೊತ್ತವರಿಗೆ ಅದು ಉಸಿರಾಟದಷ್ಟು ಅಗತ್ಯ. 'ಬಿಡುವಾದಾಗ ಬಂದು ಹೋಗಿ' ಎನ್ನುವ ಬದಲು 'ನಾಳೆಯ ವರದಿಯ ಮೂರನೆಯ ಪುಟದ ಬಗ್ಗೆ ಕೇಳುವುದಿದೆ, ಬಿಡುವಾದಾಗ ಬನ್ನಿ' ಎಂದು ಬರೆಯುವ ಮೇಲಧಿಕಾರಿಗೆ ತಾನು ಏನು ಉಪಕಾರ ಮಾಡಿದೆನೆಂದು ಗೊತ್ತೇ ಆಗದಿರಬಹುದು.

ಭರವಸೆ ಎಂಬುದನ್ನು ಬಿಡಿಸಿ ನೋಡಿದಾಗ

ಭರವಸೆಯನ್ನು ನಾವು ಸಾಮಾನ್ಯವಾಗಿ ಒಂದು ಭಾವನೆಯೆಂದು ತಿಳಿಯುತ್ತೇವೆ, ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮನೋವಿಜ್ಞಾನಿ ಸಿ. ಆರ್. ಸ್ನೈಡರ್ 1990ರ ದಶಕದಲ್ಲಿ ಅದನ್ನು ಬಿಡಿಸಿ ನೋಡಿದರು. ಅವರ ಪ್ರಕಾರ ಅದರಲ್ಲಿ ಗುರಿಯ ಜೊತೆಗೆ ಎರಡು ಅಂಶಗಳಿವೆ: ಗುರಿಯತ್ತ ಹೋಗುವ ದಾರಿಗಳನ್ನು ಕಾಣುವ ಶಕ್ತಿ, ಆ ದಾರಿಯಲ್ಲಿ ನಡೆಯಬಲ್ಲೆನೆಂಬ ಛಲ. ಕಿರುಕುಳ ಉಂಡವರಲ್ಲಿ ಛಲಕ್ಕೆ ಎಷ್ಟೋ ಸಲ ಕೊರತೆಯಿರುವುದಿಲ್ಲ. ಅಷ್ಟು ವರ್ಷ ದಿನವೂ ಶಾಲೆಗೆ ಹೋಗಿ ಬಂದದ್ದೇ ಅದಕ್ಕೆ ಪುರಾವೆ. ಕೊರತೆಯಿರುವುದು ದಾರಿಗಳಲ್ಲಿ. 'ಎಲ್ಲರೊಡನೆ ಬೆರೆಯಬೇಕು' ಎಂಬ ಗುರಿಗೆ ದಾರಿಯೇ ಕಾಣುವುದಿಲ್ಲ. 'ಗುರುವಾರದ ಸಭೆಯಲ್ಲಿ ಒಂದು ಪ್ರಶ್ನೆ ಕೇಳಬೇಕು' ಎಂಬುದಕ್ಕೆ ಮೂರು ದಾರಿಗಳು ಕಾಣುತ್ತವೆ: ಪ್ರಶ್ನೆಯನ್ನು ಮೊದಲೇ ಬರೆದುಕೊಂಡು ಹೋಗುವುದು, ಸಭೆಯ ಮೊದಲ ಹತ್ತು ನಿಮಿಷಗಳಲ್ಲಿಯೇ ಕೇಳಿಬಿಡುವುದು, ಅದೂ ಆಗದಿದ್ದರೆ ಸಭೆಯ ನಂತರ ಮಾತನಾಡಿದವರನ್ನು ಪ್ರತ್ಯೇಕವಾಗಿ ಕೇಳುವುದು.

ಮನೋಚಿಕಿತ್ಸಕರು ಹಳೆಯ ಊಹೆಗಳನ್ನು ಪರೀಕ್ಷೆಗೆ ಒಡ್ಡುವುದೂ ಇದೇ ಅಳತೆಯಲ್ಲಿ. ಮೊದಲು ಊಹೆಯನ್ನು ಸ್ಪಷ್ಟವಾಗಿ ಬರೆದುಕೊಳ್ಳಬೇಕು: 'ನಾನು ಅವರ ಜೊತೆ ಊಟಕ್ಕೆ ಕೂತರೆ ಮಾತು ನಿಂತುಹೋಗುತ್ತದೆ.' ಆಮೇಲೆ ಒಂದು ದಿನ ಹೋಗಿ ಕೂರಬೇಕು. ಆಮೇಲೆ ನಡೆದದ್ದನ್ನು ಬರೆಯಬೇಕು. ಮೊದಲೇ ಬರೆದುಕೊಳ್ಳುವುದು ಯಾಕೆ ಮುಖ್ಯವೆಂದರೆ, ಇಲ್ಲದಿದ್ದರೆ ಮನಸ್ಸು ನಡೆದದ್ದನ್ನು ಆಮೇಲೆ ತನ್ನ ಹಳೆಯ ತೀರ್ಪಿಗೆ ಹೊಂದಿಸಿಕೊಂಡುಬಿಡುತ್ತದೆ. ಒಂದು ದಿನ ಊಹೆ ನಿಜವೂ ಆಗಬಹುದು, ಮಾತು ನಿಲ್ಲಲೂಬಹುದು. ಅದಕ್ಕೇ ಒಂದೇ ಸಲಕ್ಕೆ ಬಿಡದೆ ಐದಾರು ಸಲ ನೋಡಬೇಕು. ಜೊತೆಗೆ, ನೆಲದ ಕಡೆ ನೋಡುತ್ತ, ಫೋನನ್ನು ಗುರಾಣಿಯಂತೆ ಹಿಡಿದು ಕೂತರೆ ಪರೀಕ್ಷೆ ನಡೆದಂತಾಗುವುದಿಲ್ಲ. ಏನೂ ಕೆಟ್ಟದಾಗದಿದ್ದರೆ ಮನಸ್ಸು ಅದರ ಕೀರ್ತಿಯನ್ನು ಫೋನಿಗೇ ಕೊಡುತ್ತದೆ. ನಿದ್ರೆ ಕೆಡುವಷ್ಟು, ಕೆಲಸಕ್ಕೆ ಹೋಗುವುದೇ ಅಸಾಧ್ಯವೆನಿಸುವಷ್ಟು, ಬದುಕೇ ಬೇಡವೆನಿಸುವಷ್ಟು ನೋವಿದ್ದಾಗ ಇಂಥ ಪ್ರಯೋಗಗಳನ್ನು ಒಬ್ಬರೇ ಮಾಡಲು ಹೊರಡಬಾರದು. ಅದು ಆಪ್ತಸಮಾಲೋಚಕರ ಅಥವಾ ಮನೋವೈದ್ಯರ ನೆರವಿನಲ್ಲಿ, ತಡಮಾಡದೆ ಆಗಬೇಕಾದ ಕೆಲಸ.

ಸಹೋದ್ಯೋಗಿಗಳಿಗೆ ಹಳೆಯ ಕಥೆಯನ್ನು ಹೇಳಬೇಕೇ ಎಂಬ ಪ್ರಶ್ನೆ ಆಗಾಗ ಏಳುತ್ತದೆ. ಹೇಳಲೇಬೇಕೆಂಬ ನಿಯಮವಿಲ್ಲ. ಇಡೀ ಕಥೆಯನ್ನು ಹೇಳುವುದಕ್ಕಿಂತ ಇಂದಿನ ಅಗತ್ಯವನ್ನು ಹೇಳುವುದು ಹೆಚ್ಚಿನ ಸಂದರ್ಭಗಳಲ್ಲಿ ಸಾಕಾಗುತ್ತದೆ: 'ಎಲ್ಲರ ಎದುರಿಗೆ ಥಟ್ಟನೆ ಕೇಳಿದರೆ ನನಗೆ ಉತ್ತರ ಹೊಳೆಯುವುದಿಲ್ಲ, ವಿಷಯವನ್ನು ಹಿಂದಿನ ದಿನ ಕಳಿಸಿದರೆ ಅನುಕೂಲ.' ಇದರಲ್ಲಿ ಗತಕಾಲದ ಒಂದಕ್ಷರವೂ ಇಲ್ಲ, ಕೇಳಿದವರಿಗೆ ಮಾಡಬಹುದಾದ ಕೆಲಸವೊಂದು ಸಿಗುತ್ತದೆ, ಮತ್ತು ಅವರು ಅದನ್ನು ಮಾಡುತ್ತಾರೋ ಇಲ್ಲವೋ ಎಂಬುದರಿಂದ ಅವರ ಬಗ್ಗೆ ಹೊಸದೊಂದು ಮಾಹಿತಿ ಸಿಗುತ್ತದೆ. ಆಪ್ತತೆ ಬೆಳೆದ ಮೇಲೆ ಉಳಿದದ್ದನ್ನು ಹೇಳುವ ದಿನ ತಾನಾಗಿ ಬಂದರೆ ಬರಲಿ.

ಕಿರುಕುಳ ಕೊಟ್ಟವರನ್ನು ಕ್ಷಮಿಸಿದರೆ ಮಾತ್ರ ಮುಂದೆ ಹೋಗಲು ಸಾಧ್ಯವೆಂದು ಹಲವರು ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಕ್ಷಮೆ ಕೆಲವರಿಗೆ ಹಗುರವನ್ನು ತಂದಿರಬಹುದು, ಅದು ಅವರ ಆಯ್ಕೆ. ಕೆಲಸದ ಜಾಗದಲ್ಲಿ ನೆಲೆ ಕಂಡುಕೊಳ್ಳಲು ಅದು ಪೂರ್ವಷರತ್ತಲ್ಲ. ಅಲ್ಲಿ ಬೇಕಾಗಿರುವುದು ಅಂದಿನವರ ಬಗ್ಗೆ ಹೊಸ ಅಭಿಪ್ರಾಯವಲ್ಲ, ಇಂದಿನವರ ಬಗ್ಗೆ ಹೊಸ ಮಾಹಿತಿ. ಆ ಮಾಹಿತಿ ಬರುವುದೂ ಬಹಳ ಸಣ್ಣ ರೂಪಗಳಲ್ಲಿ. ರಜೆ ಮುಗಿಸಿ ಬಂದ ದಿನ ಪಕ್ಕದ ಮೇಜಿನವರು ತಲೆಯೆತ್ತಿ, 'ಆ ಕಡತ ಎಲ್ಲಿಟ್ಟಿದ್ದೀರಿ, ನೀವಿಲ್ಲದೆ ಮೂರು ದಿನ ಒದ್ದಾಡಿದೆವು' ಎಂದು ಗೊಣಗುತ್ತಾರೆ. ಹಳೆಯ ಕಿವಿಗೆ ಅದು ದೂರಿನಂತೆ ಕೇಳಿಸುತ್ತದೆ. ಸ್ವಲ್ಪ ತಡೆದು ಇನ್ನೊಮ್ಮೆ ಕೇಳಿಸಿಕೊಂಡರೆ, ಆ ಮಾತಿನಲ್ಲಿ 'ನೀವಿಲ್ಲದೆ' ಎಂಬ ಪದವೂ ಇರುವುದು ಗಮನಕ್ಕೆ ಬರುತ್ತದೆ.